ಚಾದರಕ್ಕಿಂತ ಮೊದಲು ಕಂಬಳಿ

ಸುಭದ್ರಾಬಾಯಿಗೆ ಕಿಲೋಮೀಟರು ಗೊತ್ತಿಲ್ಲ. ಕುರಿ ಎಬ್ಬಿಸಿಕೊಂಡು ಹೊರಟರೆ ದಾರಿಯಲ್ಲಿ ಎಷ್ಟು ಕಡೆ ತಂಗಬೇಕೋ ಅಷ್ಟು ಮುಕ್ಕಾಮು. ತನ್ನೂರು ಹಲಬರ್ಗಾದಿಂದ ಭಾಲ್ಕಿ ಒಂದು ಮುಕ್ಕಾಮು, ಮಾಂಜ್ರಾ ನದಿ ದಾಟಿ ಔರಾದ ಐದು. ಔರಾದದಿಂದ ಮುಂದೆ ಹತ್ತೋ ಹನ್ನೆರಡೋ ಮುಕ್ಕಾಮಿಗೆ ಇರಾನ ಸಿಗುತ್ತದೆ ಎಂದು ಆಕೆ ಅರವತ್ತೆರಡು ವರ್ಷ ನಂಬಿಕೊಂಡೇ ಬದುಕಿದಳು.

ನಗಬೇಡಿ, ಕಾರಣವಿದೆ. ಊರ ಹೊರಗಿನ ದಿಬ್ಬದ ಮೇಲೆ ಪರದೇಶಿ ಪೀರನ ಗೋರಿ ಇದೆ. ಆಕೆಯ ಗಂಡನ ಮನೆತನದ ಹಿರಿಯರು ಔರಾದದ ಕಡೆ ಕುರಿ ಮೇಯಿಸುವಾಗ, ಇರಾನದಿಂದ ಬಂದ ಫಕೀರನೊಬ್ಬ ಚಳಿಜ್ವರದಲ್ಲಿ ನಡುಗುತ್ತ ಬಿದ್ದಿದ್ದನಂತೆ. ಹೆಗಲ ಮೇಲಿನ ಕಂಬಳಿ ಹೊದಿಸಿ ಕರೆತಂದರು. ಇಲ್ಲೇ ಉಳಿದ, ಅದೇ ಕಂಬಳಿಯಲ್ಲಿ ಕಣ್ಣು ಮುಚ್ಚಿದ. ಆವತ್ತಿನಿಂದ ಪ್ರತಿ ಉರುಸಿಗೆ ಗೋರಿಯ ಮೇಲೆ ಮೊದಲು ಕುರುಬರ ಮನೆಯ ಕರಿಕಂಬಳಿ, ಆಮೇಲೆ ಹಸಿರು ಚಾದರ. ಉಣ್ಣೆ ನೂಲುವವಳು ಸುಭದ್ರಾಬಾಯಿ, ನೇಯ್ದು ಹುಣಸೆಬೀಜದ ಗಂಜಿ ಹಾಕುವವನು ಮೈದುನ ಮಡೆಪ್ಪ, ಹೊದಿಸುವವಳು ಮತ್ತೆ ಸುಭದ್ರಾಬಾಯಿ. ಗಂಡ ತೀರಿದ ವರ್ಷ, ವಿಧವೆ ಮುಟ್ಟಬಾರದು ಎಂದ ಹಿರಿಯರಿಗೆ ಆಕೆ ಒಂದೇ ಮಾತು ಕೇಳಿದ್ದಳು: "ಪೀರ ನನ್ನ ಹಣಿ ಮ್ಯಾಲಿನ ಕುಂಕುಮ ನೋಡಿ ಬೆಚ್ಚಗಾಗ್ತಿದ್ದನೇನು?"

ಹೋದ ವರ್ಷ ಒಂದು ಕಾಗದ ಬಂತು. ಹಳೆಯ ಸ್ಥಳಗಳ ಪಟ್ಟಿ ಮಾಡಲು ಬೀದರಿನ ಕಚೇರಿಯೊಂದರಿಂದ ಅಮಿತಕುಮಾರ ಎಂಬವರು ಬಂದರು. ಅವರ ಫಾರ್ಮಿನಲ್ಲಿ ಒಂದು ಕಾಲಂ: ಯಾವ ಧರ್ಮದ ಸ್ಥಳ? ಒಂದಕ್ಕೆ ಮಾತ್ರ ಗುರುತು ಹಾಕತಕ್ಕದ್ದು. ಆರುನೂರು ವರ್ಷದ ಹಿಂದೆ ಬೀದರಿನ ದರಬಾರಿನಲ್ಲಿ ಇರಾನಿನವರೂ ಅರಬರೂ ಕೂತು ನಮ್ಮವರೊಂದಿಗೆ ಉಂಡು ಹೋದರು. ನಮಗೆ ಇವತ್ತು ಒಂದು ಚೌಕದಲ್ಲಿ ಎರಡು ಗುರುತು ಹಿಡಿಸುವುದಿಲ್ಲ.

ಗುರುತು ಒಂದೇ ಕಡೆ, ಇಸ್ಲಾಂ ಎಂಬಲ್ಲಿ, ಬಿತ್ತು. ದರ್ಗಾ ಕಮಿಟಿಯ ಹೊಸ ಕಾರ್ಯದರ್ಶಿ ಅರ್ಫಾತ, ಬೀದರಿನ ಹತ್ತಿರದ ಕೊಳಾರದ ಗೋದಾಮಿನಲ್ಲಿ ಕೆಲಸ ಮಾಡುವವನು, ಮನೆಗೇ ಬಂದು ಹೇಳಿದ: "ಮೌಶಿ, ಈ ಸಲ ಕಂಬಳಿ ಬ್ಯಾಡ್ರಿ. ಕಾಗದದಾಗ ಬರೆದಾಗ್ಯದ. ನಾಳಿ ತಕರಾರು ಬರ್ತದ."

ಅವನ ಹಿಂದೆಯೇ ಸುಭದ್ರಾಬಾಯಿಯ ಸಂಬಂಧಿಕ ಶಿವಕಾಂತ ಬಂದ: "ದೊಡ್ಡವ್ವ, ಅವರೇ ಬ್ಯಾಡ ಅಂದ್ರ ನೀ ಯಾಕ ಹೋಗ್ತಿ? ನಮ್ಮ ಬೀರಪ್ಪನ ಗುಡಿಗಿ ಹೊದಿಸು."

"ಬೀರಪ್ಪಗೇನು ಚಳಿಜ್ವರ ಬಂದದೇನೊ?" ಎಂದಳು.

ಹತ್ತು ವರ್ಷದಿಂದ ಯಾವುದಕ್ಕೂ ಕೂಡದ ಎರಡು ಕಡೆಯವರು ಇದೊಂದಕ್ಕೆ ಕೂಡಿದರು. ಮುದುಕಿಯ ಕಂಬಳಿ ಬೇಡ.

ಉರುಸಿನ ಮಧ್ಯಾಹ್ನ ಆಕೆ ಕಂಬಳಿ ಹೊತ್ತು ದಿಬ್ಬ ಹತ್ತಿ ಹೊಸ್ತಿಲ ಮುಂದೆ ಕೂತಳು. ಗೋರಿಯ ಸೇವೆ ಮಾಡುವ ಮುಜಾವರ, ಎಂಬತ್ತು ದಾಟಿದ ಕರೀಮ ಸಾಬ ಚಾದರ ಹಿಡಿದು ಒಳಗೆ ನಿಂತಿದ್ದರು. ಫೋಟೋ ತೆಗೆಯಲು ಅಮಿತಕುಮಾರ ಬಂದಿದ್ದರು.

"ಅಮ್ಮಾ, ಪೀರ ನಿಮಗೇನಾಗಬೇಕು?" ಎಂದು ಕೇಳಿದರು.

"ನಮ್ಮ ಮನಿಗಿ ಬಂದ ಪರದೇಶಿರಿ. ಇರಾನದಾಂವ."

"ಇರಾನ ಎಲ್ಲದ ಗೊತ್ತೇನ್ರಿ?"

"ಔರಾದ ದಾಟಿ ಮುಂದ. ಹತ್ತು ಹನ್ನೆರಡು ಮುಕ್ಕಾಮು."

ನೆರೆದವರೆಲ್ಲ ನಕ್ಕರು. ಅರ್ಫಾತ ನಕ್ಕ, ಶಿವಕಾಂತ ಅವನಿಗಿಂತ ಜೋರಾಗಿ ನಕ್ಕ. ಅಮಿತಕುಮಾರ ಫೋನಿನಲ್ಲಿ ನಕಾಶೆ ತೆಗೆದು ಆಕೆಯ ಮುಂದೆ ಹಿಡಿದರು. "ಇಲ್ಲಿ ನೋಡ್ರಿ, ಇದು ಔರಾದ. ಇರಾನ ಈ ಕಡಿ, ಪಶ್ಚಿಮಕ್ಕ. ನಡುವ ಇದೆಲ್ಲ ಸಮುದ್ರ."

ಸುಭದ್ರಾಬಾಯಿ ಆ ನೀಲಿಯನ್ನು ಬಹಳ ಹೊತ್ತು ನೋಡಿದಳು. "ಇಷ್ಟೆಲ್ಲಾ ನೀರ ದಾಟಿ ಬಂದಾನ?"

"ಹೌದ್ರಿ."

"ಹಂಗಾರ ನಂದೇ ತಪ್ಪು," ಎಂದಳು. "ಈ ಕಂಬಳಿ ತೆಳ್ಳಗಾತು."

ಆಕೆ ಬಾಗಿಲಿಗೆ ಅಡ್ಡ ನಿಂತಿದ್ದ ಅರ್ಫಾತನ ಕಡೆ ತಿರುಗಿದಳು. "ನಿನ್ನ ಕಾಗದದಾಗ ನನ್ನ ಹೆಸರು ಬ್ಯಾಡಪಾ. ನಿಮ್ಮದೇ ಅಂತ ಬರ್ಕೋ. ಆದ್ರ ಅಂವ ನಡುಗೂವಾಗ ನೀನೂ ಇರಲಿಲ್ಲ, ಈ ಶಿವಕಾಂತನೂ ಇರಲಿಲ್ಲ. ಕಂಬಳಿ ಇತ್ತು. ಸರಿ ಅತ್ತಾಗ."

ಅರ್ಫಾತ ಬಾಗಿಲು ಬಿಡಲಿಲ್ಲ. "ಚಾಚಾ, ನೀವರೆ ಹೇಳ್ರಿ," ಎಂದ ಮುಜಾವರರಿಗೆ.

ಕರೀಮ ಸಾಬ ತಿಂಗಳಿಂದ ಈ ಜಗಳದಲ್ಲಿ ಬಾಯಿ ಹಾಕಿರಲಿಲ್ಲ. ಈಗ ಕೈಯಲ್ಲಿದ್ದ ಹಸಿರು ಚಾದರವನ್ನು ಮಡಚಿ ಅರ್ಫಾತನ ತೋಳಿನ ಮೇಲೆ ಹಾಕಿದರು. "ಹಿಡಿ ಬೇಟಾ. ಕಂಬಳಿ ಇಲ್ಲದ ಗೋರಿಗಿ ನಾ ಇಲ್ಲೀತನಕ ಚಾದರ ಹಾಕಿಲ್ಲ, ನನಗ ಬರಂಗಿಲ್ಲ. ನಿನಗ ಬರ್ತದಂದ್ರ ನೀನೇ ಹಾಕು."

ಅರ್ಫಾತ ಚಾದರ ಹಿಡಿದು ನಿಂತ. ಗೋರಿಯನ್ನು ನೋಡಿದ, ಹೊರಗೆ ಸುಮ್ಮನೆ ನಿಂತ ತನ್ನದೇ ಓಣಿಯ ಹೆಂಗಸರನ್ನು ನೋಡಿದ. ಕೊನೆಗೆ ಬಾಗಿಲಿನಿಂದ ಒಂದು ಹೆಜ್ಜೆ ಸರಿದ. ಅಷ್ಟು ಜಾಗ ಸಾಕಾಯಿತು. ಸುಭದ್ರಾಬಾಯಿ ಒಳಗೆ ಹೋಗಿ ಕಂಬಳಿ ಹೊದಿಸಿ, ನಾಲ್ಕೂ ಅಂಚು ಕೂಸಿಗೆ ಒತ್ತಿದಂತೆ ಒತ್ತಿ ಬಂದಳು.

ಫಾರ್ಮಿನಲ್ಲಿ ಇವತ್ತಿಗೂ ಒಂದೇ ಗುರುತಿದೆ. ತಿದ್ದಲು ಕಚೇರಿಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ಈ ವರ್ಷದ ಕಂಬಳಿ ಮಡೆಪ್ಪನ ಮಗ್ಗದ ಮೇಲಿದೆ. ನೂಲು ಇಷ್ಟು ದಪ್ಪ ಯಾಕೆ ಎಂದು ಅವನು ಗೊಣಗಿದರೆ ಅತ್ತಿಗೆಯದು ಒಂದೇ ಉತ್ತರ: "ನಡುವ ಸಮುದ್ರ ಅದ, ನೇಯಿ."