ಆರನೇ ಗುಂಡಿಯ ಸಿಳ್ಳೆ

ಸಾರಕ್ಕಿ ಕಡೆಯ ಬಸ್ಸುಗಳ ಗದ್ದಲ ಇನ್ನೂ ಎದ್ದಿಲ್ಲ. ಸಾರ್ವಜನಿಕ ಗಾಲ್ಫ್ ಮೈದಾನದಲ್ಲಿ ಮಂಜು ಮೊಣಕಾಲೆತ್ತರಕ್ಕೆ ನಿಂತಿದೆ. ಅದರೊಳಗೆ ದಾಸಪ್ಪ ಒಬ್ಬರೇ ಉಲ್ಟಾ ಬರುತ್ತಿದ್ದಾರೆ. ಉಲ್ಟಾ ಎಂದರೆ ಬೆನ್ನು ಮುಂದಾಗಿ ಅಲ್ಲ ಮಾರಾಯರೇ, ಚೆಂಡು ಬೀಳಿಸುವ ಗುಂಡಿಗಳಲ್ಲಿ ಕೊನೆಯದರಿಂದ ಮೊದಲನೆಯದರ ಕಡೆಗೆ. ಆಟಗಾರರ ಬ್ಯಾಗ್ ಹೊತ್ತು, ಚೆಂಡನ್ನು ಎತ್ತ ಹೊಡೆಯಬೇಕೆಂದು ಹೇಳಿಕೊಡುವ ಕ್ಯಾಡಿ ಇವರು. ಕೆಲಸಕ್ಕೆ ಸೇರಿದಾಗ ಕಪ್ಪಗಿದ್ದ ಮೀಸೆಯಲ್ಲಿ ಈಗ ಹುಡುಕಿದರೂ ಒಂದು ಕರಿಕೂದಲು ಸಿಗದು.

"ಗುಂಡಿ ಇವತ್ತು ಎಲ್ಲಿ ತೋಡಿದಾರೆ, ನೀರು ಎಲ್ಲಿ ನಿಂತಿದೆ, ಅಲ್ಲಿಂದ ಹಿಂದಕ್ಕೆ ನೋಡ್ಕೊಂಡು ಬರ್ಬೇಕು ಸಾರ್. ಆಮೇಲೆ ಪ್ಲಾನು" ಎನ್ನುತ್ತಾರೆ, ಕೇಳಿದ ನಮಗೆ.

ಆರನೇ ಗುಂಡಿಯ ಹತ್ತಿರ ಅವರ ಕಾಲು ತಾನಾಗಿ ನಿಲ್ಲುತ್ತದೆ. ಪಕ್ಕದಲ್ಲೇ ನೀಲಗಿರಿ ತೋಪು, ಹಗಲಲ್ಲೂ ಕತ್ತಲೆ. ಗದಗ ಕಡೆಯ ಗುರುಸಿದ್ದ, ದಾಸಪ್ಪನವರ ಜೀವದ ಗೆಳೆಯ, ನಿಲ್ಲುತ್ತಿದ್ದದ್ದು ಇಲ್ಲೇ. ದೂರದಿಂದ ಹೊಡೆದವರಿಗೆ ಚೆಂಡು ಬಿದ್ದ ಜಾಗ ಕಾಣುವುದಿಲ್ಲ, ಅದನ್ನು ಸಿಳ್ಳೆ ಹಾಕಿ ತಿಳಿಸುವುದು ಅವನ ಕೆಲಸ. ಒಂದು ಸಿಳ್ಳೆ ಎಂದರೆ ಚೆಂಡು ಮರಗಳ ಒಳಗಿದೆ, ಸಿಗುತ್ತದೆ. ಎರಡು ಎಂದರೆ ಹೋಯಿತು, ಹುಡುಕಬೇಡಿ. ಸಿಳ್ಳೆಯೇ ಇಲ್ಲದಿದ್ದರೆ ಚೆಂಡು ಹುಲ್ಲಿನ ಮೇಲಿದೆ, ಆರಾಮಾಗಿ ಬನ್ನಿ.

ಒಂದು ದಿನ ಸಿಳ್ಳೆ ಬರಲಿಲ್ಲ. ದಾಸಪ್ಪ, ಆಟಗಾರರು ಎಲ್ಲರೂ ಆರಾಮಾಗಿಯೇ ಬಂದರು. ನೋಡಿದರೆ ಗುರುಸಿದ್ದ ಎದೆ ಹಿಡಿದುಕೊಂಡು ತೋಪಿನೊಳಗೆ ಬಿದ್ದಿದ್ದ, ಉಸಿರಿರಲಿಲ್ಲ.

"ಓಡಿದ್ರೆ ಉಳೀತಿದ್ನೋ ಏನೋ. ನಾವು ಯಾವ ಹೋಟ್ಲು ಚಟ್ನಿ ಚೆನ್ನಾಗಿರುತ್ತೆ ಅಂತ ಮಾತಾಡ್ಕೊಂಡು ಬಂದ್ವಿ" ಎನ್ನುವಾಗ ದಾಸಪ್ಪ ನಮ್ಮ ಮುಖ ನೋಡುವುದಿಲ್ಲ.

ತಿಥಿ ಕಳೆದು ಕೆಲಸಕ್ಕೆ ಬಂದ ಬೆಳಗ್ಗೆಯೇ ದಾಸಪ್ಪನವರಿಗೆ ತೋಪಿನಿಂದ ಒಂದು ಸಿಳ್ಳೆ ಕೇಳಿಸಿತು. ಮರುದಿನವೂ ಕೇಳಿಸಿತು. ಒಳಹೊಕ್ಕು ಹುಡುಕಿದರೆ ಒಣಗಿದ ಎಲೆ ಬಿಟ್ಟು ಏನೂ ಇಲ್ಲ. "ಹಕ್ಕಿ ಅಲ್ಲ ಸಾರ್. ಹಕ್ಕಿ ಕೂಗು ನಂಗೆ ಗೊತ್ತಾಗಲ್ವಾ?" ಪದ್ಮನಾಭನಗರದಲ್ಲಿ ಟ್ಯೂಷನ್ ನಡೆಸುವ ಸುಧಾಮಣಿ ಮೇಡಂ ವಾರಕ್ಕೊಮ್ಮೆ ಆಡಲು ಬರುವವರು, ಈ ಕಥೆಗೆ ಬಿದ್ದು ಬಿದ್ದು ನಕ್ಕಿದ್ದರು. ಒಂದು ಮಂಜಿನ ಮುಂಜಾನೆ ಅವರು ಹೊಡೆದ ಚೆಂಡಿನ ಹಿಂದೆಯೇ ಸಿಳ್ಳೆ ಕೇಳಿತು. ಅಂದಿನಿಂದ ದಾಸಪ್ಪ ಹೇಳಿದಂತೆ ತೋಪು ಬಿಟ್ಟು, ದೂರವಾದರೂ ಸರಿ, ಎಡಕ್ಕೇ ಹೊಡೆಯುತ್ತಾರೆ.

ಗುರುಸಿದ್ದನ ಹೆಂಡತಿ ತಂಗೆವ್ವ ಈಗ ಇಲ್ಲೇ ಪಾರ್ಕಿಂಗ್ ಜಾಗ ಗುಡಿಸುತ್ತಾರೆ. ಮೈದಾನದೊಳಗೆ ಕಾಲಿಡಲು ಅವರಿಗೆ ಧೈರ್ಯವಿರಲಿಲ್ಲ. ಆದರೂ ದಿನಾ ಪೊರಕೆ ಹಿಡಿದು ಅದೇ ಪ್ರಶ್ನೆ: "ಇವತ್ತೂ ಕೇಳಿಸ್ತೇನಣ್ಣಾ?" ದಾಸಪ್ಪ ಹೂಂ ಎಂದು ತಲೆಯಾಡಿಸುತ್ತಿದ್ದರು. "ನನಗೊಂದ್ಸಲ ಕೇಳಿಸಿದ್ರ ಸಾಕಣ್ಣಾ. ಹೋಗೂ ಮುಂದ ಒಂದ ಮಾತೂ ಆಡಲಿಲ್ಲ ಅಂವಾ. ರಾತ್ರಿ ಕಣ್ಣ ಮುಚ್ಚೂದಿಲ್ಲ ನನಗ."

ಹೆಂಗಸರು ಗಂಡನ ಪಾದಪೂಜೆ ಮಾಡುವ ಭೀಮನ ಅಮಾವಾಸ್ಯೆ ಬಂತು. ಆ ಬೆಳಗ್ಗೆ ತಂಗೆವ್ವ ಗಟ್ಟಿ ಮನಸ್ಸು ಮಾಡಿ ದಾಸಪ್ಪನವರ ಹಿಂದೆ ಹೊರಟರು. ಇಬ್ಬರೂ ತೋಪಿನ ಅಂಚಿನಲ್ಲಿ ನಿಂತರು. ಗಾಳಿ ಇರಲಿಲ್ಲ. ದಾಸಪ್ಪನವರಿಗೆ ಏನೂ ಕೇಳಿಸಲಿಲ್ಲ. ಪಾಪ, ಬರಿಗೈಲಿ ಹೋಗ್ತಾಳಲ್ಲ ಎಂದು ಅವರು ಅಂದುಕೊಳ್ಳುತ್ತಿದ್ದಂತೆ ತಂಗೆವ್ವ ಅವರ ಮೊಣಕೈ ಬಿಗಿಯಾಗಿ ಹಿಡಿದುಕೊಂಡರು.

"ಎರಡು ಹೊಡದಾ ಅಣ್ಣಾ. ಹುಡುಕಬ್ಯಾಡ್ರಿ ಅಂದಾ."

ಅಲ್ಲೇ ಕುಕ್ಕರಿಸಿ ಹೊಟ್ಟೆ ತುಂಬ ಅತ್ತರು. ಆಮೇಲೆ ಕಣ್ಣೊರೆಸಿಕೊಂಡು ಹೋಗಿ ಪಾರ್ಕಿಂಗ್ ಗುಡಿಸಿದರು. ಈಗ ಅವರು ಏನೂ ಕೇಳುವುದಿಲ್ಲ, ರಾತ್ರಿ ನಿದ್ದೆಯೂ ಬರುತ್ತಿದೆಯಂತೆ.

ಅವತ್ತಿನಿಂದ ದಾಸಪ್ಪನವರಿಗೂ ಸಿಳ್ಳೆ ಕೇಳಿಸಿಲ್ಲ. ಆದರೂ ದಿನಾ ಬಂದು ನಿಲ್ಲುತ್ತಾರೆ. ಏನಾಸೆಗೆ ಎಂದು ಕೇಳಿದರೆ ತೋಪಿನ ಕಡೆಯೇ ನೋಡುತ್ತಾ ಹೇಳುತ್ತಾರೆ:

"ಅವಳಿಗೆ ಹೇಳಿ ಹೋದ, ಒಳ್ಳೇದಾಯ್ತು. ಇನ್ನೊಂದ್ಸಲ ಬಂದಿದ್ರೆ, ತಪ್ಪಾಯ್ತು ಕಣೋ ಅಂತ ನಾನೂ ಹೇಳ್ತಿದ್ದೆ."