ಸೊಟ್ಟಗಾದ ಕಾಲುವೆ

ಯುದ್ಧದ ಕಾಲದಲ್ಲಿ ಆತಗೂರಿನ ಕಡೆ ಕಾಲುವೆ ತೋಡಿಸುತ್ತಿದ್ದ ಮೇಸ್ತ್ರಿಯೊಬ್ಬರಿದ್ದರು. ಅಳತೆಯ ಕೆಲಸ ನನ್ನದು. ಅವರು ಹಿಡಿ ಮಣ್ಣಿಗೆ ನೀರು ಚಿಮುಕಿಸಿ ಅಂಗೈಯಲ್ಲಿ ಹೊಸೆಯುತ್ತಿದ್ದರು. ಬತ್ತಿಯಂತೆ ಉದ್ದಕ್ಕೆ ಬಂದರೆ ಗೋಡೆ ನಿಲ್ಲುತ್ತದೆ; ಪುಡಿಯಾದರೆ ಇಳಿಜಾರು ಮಾಡಿಯೇ ಅಗೆಯಬೇಕು. ಆಳುಗಳಿಗೆ ದಿನವೂ ಒಂದೇ ಮಾತು: "ಒಂದ್ಸಲ ಅಗ್ದು ಮುಚ್ಚಿದ್ ಮಣ್ಣ ನಂಬಬ್ಯಾಡಿ ಕಣ್ರಲಾ."

ಒಮ್ಮೆ ಗೌಡರೊಬ್ಬರ ರಾಗಿ ಕಣದ ಪಕ್ಕ ಆಳುದ್ದ ಅಗೆದಾಗ, ಕೆಮ್ಮಣ್ಣಿನ ಗೋಡೆಯಲ್ಲಿ ಹುಲ್ಲಿನ ಚೂರು ಕಂಡಿತು. ಮೇಸ್ತ್ರಿ ಆಳುಗಳನ್ನೆಲ್ಲ ಮೇಲೆ ಹತ್ತಿಸಿ, ದಂಡೆಯ ಮೇಲೆ ನಿಂತಿದ್ದ ಗೌಡರನ್ನು ಕೇಳಿದರು.

"ಇಲ್ಲಿ ಅಗೇವು ಐತಾ ಗೌಡ್ರೇ?"

"ಇಲ್ಲ ಕಣಯ್ಯ."

ರೈತರು ಸರ್ಕಾರಕ್ಕೆ ಕಡ್ಡಾಯವಾಗಿ ಕೊಡಬೇಕಾದ ಲೆವಿ ಧಾನ್ಯಕ್ಕಾಗಿ ಅಮಲ್ದಾರರು ಮನೆಮನೆ ಜಾಲಾಡುತ್ತಿದ್ದ ದಿನಗಳವು. ಸುತ್ತ ಹುಲ್ಲು ಹಾಸಿ ನೆಲದೊಳಗೆ ರಾಗಿ ಮುಚ್ಚಿಟ್ಟ ಹಗೇವನ್ನು ಯಾರು ತಾನೇ ಒಪ್ಪಿಕೊಳ್ಳುತ್ತಾರೆ?

ಮೇಸ್ತ್ರಿ ತಾವೇ ಕೆಳಗಿಳಿದು, ಅದೇ ಗೋಡೆಗೆ ಬೆನ್ನು ಕೊಟ್ಟು ಕೂತು, ಎಲೆಗೆ ಸುಣ್ಣ ಹಚ್ಚತೊಡಗಿದರು. ಅವರ ಹೆಗಲ ಮೇಲೆ ಮಣ್ಣು ಉದುರತೊಡಗಿತು.

"ಮ್ಯಾಕ್ ಬಾರಯ್ಯ! ಐತೆ, ಐತೆ!" ಗೌಡರು ಕೂಗಿಕೊಂಡರು.

ಮೇಸ್ತ್ರಿ ಮೇಲೆ ಬಂದು, ನಾನು ನೆಟ್ಟಿದ್ದ ಗೂಟ ಕಿತ್ತು ಹೊಲದ ಕಡೆಗೆ ಸರಿಸಿ ನೆಟ್ಟರು. ರಾಗಿಯ ಮಾತನ್ನು ಯಾರೂ ಎತ್ತಲಿಲ್ಲ.

ಕೆಲವು ದಿನಗಳಾದ ಮೇಲೆ ಅಮಲ್ದಾರರೇ ಬಂದರು. ಕಣದ ಅಂಚಿನಲ್ಲಿ, ಸರಿಯಾಗಿ ಹಗೇವಿನ ಮೇಲೆಯೇ ನಿಂತು, ಕಾಲುವೆ ಇಲ್ಲೇಕೆ ಸೊಟ್ಟಗಾಯಿತೆಂದು ಕೇಳಿದರು.

"ಇಲ್ಲಿ ಮಣ್ಣ ನಂಬಂಗಿಲ್ಲ ಬುದ್ಧಿ," ಎಂದರು ಮೇಸ್ತ್ರಿ. "ಒಸಿ ಈ ಕಡೀಕ್ ಬಂದು ನಿಂತ್ಕಳಿ."