ಶೋಕೇಸಿನಲ್ಲಿ ಕೂತ ಬೆಳ್ಳಿ ಕಪ್

ಗೆಳೆಯರೇ, ಇವತ್ತು ಮನೆಯಲ್ಲೇ ನನ್ನ ಮಾನ ಹೋಯಿತು. ಮದುವೆಗೆ ಕರೆಯಲು ಹರಿಹರದಿಂದ ಬಂದಿದ್ದ ಹಿರಿಯರೊಬ್ಬರಿಗೆ ಶೋಕೇಸಿನ ಕಪ್ ತೋರಿಸಿ, "ಅರವತ್ತರ ದಶಕದಾಗೆ ನಮ್ಮಜ್ಜನ ದಾವಣಗೆರೆ ಮಿಲ್ ಟೀಮು ಬಾಲ್ ಬ್ಯಾಡ್ಮಿಂಟನ್ ಆಡಿ ಗೆದ್ದಿದ್ದು ರೀ. ಗೆದ್ದ ವರ್ಷಾನೇ ಟೀಮ್ ನಿಂತೋತು" ಎಂದು ಬೀಗಿದೆ.

ಅವರು ಕಪ್ಪಿನ ತಳದ ಅಕ್ಷರ ಓದಿದರು. "ಇದು ರೋಲಿಂಗ್ ಕಪ್ಪಪ್ಪ. ಮರುವರ್ಷದ ಆಟಕ್ಕೆ ವಾಪಸ್ ತರಬೇಕಿತ್ತು. ನಾನೂ ಹರಿಹರದ ಟೀಮಿನಾಗಿದ್ದೆ. ನೆಟ್ ಕಟ್ಕಂಡು ಸಂಜಿ ತನಕ ನಿಮ್ಮಜ್ಜನ್ನ ಕಾದ್ವಿ."

ಒಳಗಿದ್ದ ಹಳೇ ಪೆನ್ನು, ಮಾತ್ರೆಗಳನ್ನು ಸುರಿದು ಕಪ್ಪನ್ನು ಅವರ ಕೈಗಿಟ್ಟೆ. "ಹಂಗೆ ಬ್ಯಾಡ. ಆಡಿ ಗೆದ್ದು ಒಯ್ತೀವಿ" ಎಂದು ಹಿಂದಕ್ಕೆ ಕೊಟ್ಟರು.

ಎಂಬತ್ತು ದಾಟಿದ ಅವರು ಆಟಕ್ಕೆ ತಯಾರು. ನಮ್ಮ ಮನೆಯಲ್ಲಿ ಬ್ಯಾಟು ಹಿಡಿಯಲೂ ಯಾರಿಗೂ ಬರುವುದಿಲ್ಲ. ಸದ್ಯಕ್ಕೆ ಕಪ್ಪಿನ ಮುಖವನ್ನು ಗೋಡೆಗೆ ತಿರುಗಿಸಿ ಇಟ್ಟಿದ್ದೇನೆ.